ದೊಡ್ಡಣ್ಣನ ಕೋಟು ಹೊಲಿದವನು

ದರ್ಜಿಯ ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಸೂಜಿ ಇರುತ್ತಿದ್ದವು. ಮಾತಾಡಿಸಿದರೆ ಹ್ಞೂಂ, ಇಲ್ಲವೇ ಉಹ್ಞೂಂ. ಅದಕ್ಕಿಂತ ಹೆಚ್ಚು ಬೇಕಾದವರು ಅವನ ಹೆಂಡತಿಯನ್ನು ಕೇಳಬೇಕು, ಅವಳು ಒಂದಕ್ಕೆ ಹತ್ತು ಸೇರಿಸಿ ಹೇಳುತ್ತಿದ್ದಳು. ಇಂಥವನು ಮೂವತ್ತು ವರ್ಷ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಅಂದರೆ ಅದರಲ್ಲಿ ದೊಡ್ಡ ವಿಷಯವೇನಿಲ್ಲ. ದೊಡ್ಡ ವಿಷಯ ಅವನ ಹೆಂಡತಿಯದು. ಅಷ್ಟು ಮಾತಿನ ಮಲ್ಲಿ, ಈ ಒಂದು ವಿಷಯದಲ್ಲಿ ಮಾತ್ರ ತುಟಿ ಪಿಟಕ್ಕನ್ನದೆ ಕಣ್ಣು ಮುಚ್ಚಿದಳು.

ಕಸುಬು ಕಲಿಸಿದವನು ಅವನ ಸೋದರಮಾವ. ಮಾವನ ಪಾಠ ಎರಡೇ ಎರಡು. ಲೋಕದಲ್ಲಿ ನೆಟ್ಟಗಿರುವ ಮೈ ಒಂದೂ ಇಲ್ಲ ಅನ್ನುವುದು ಮೊದಲನೆಯದು. ಒಬ್ಬನ ಸೊಂಟ ಓರೆ, ಇನ್ನೊಬ್ಬನ ಬೆನ್ನು ಬಾಗು, ಮತ್ತೊಬ್ಬನ ಒಂದು ಕೈ ಉದ್ದ. ಅದನ್ನೆಲ್ಲ ಮುಚ್ಚುವುದಕ್ಕೇ ದರ್ಜಿ ಇರುವುದು, ಆದ್ದರಿಂದ ಗಿರಾಕಿಯ ಮೈಯ ಗುಟ್ಟು ದರ್ಜಿಯ ಹೊಟ್ಟೆಯಲ್ಲೇ ಅರಗಬೇಕು. ಎರಡನೆಯ ಪಾಠ ಮರದ ಸ್ಕೇಲಿನಿಂದ ಬೆರಳಿನ ಗೆಣ್ಣಿನ ಮೇಲೆ ಬೀಳುತ್ತಿತ್ತು. ಸೀಮೆಸುಣ್ಣದ ಗುರುತು ಹಾಕುವುದು ಬಟ್ಟೆಯ ಒಳಮೈಗೆ. ಮಗುಚಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. "ಮೊದಲು ಎಡದ ತುಂಡಿಗೆ ಒಂದು ಅಡ್ಡಗೀಟು ಎಳಿ, ಆಮೇಲೆ ಕತ್ತರಿ ಮುಟ್ಟು. ಮರೆತೆ ಅಂದ್ರೆ ಕೋಟು ಬೇರೆ ಯಾರಿಗೋ ಆಗುತ್ತೆ" ಅನ್ನುತ್ತಿದ್ದ ಮಾವ. ಹೊಡೆತ ತಿಂದು ತಿಂದು ಅಡ್ಡಗೀಟು ಎಳೆಯುವುದು ಅವನಿಗೆ ಉಸಿರಾಟದಷ್ಟು ಅಭ್ಯಾಸವಾಗಿಹೋಯಿತು. ಮಾವ ಹೋದ ಮೇಲೆ ಅಂಗಡಿ ಅವನದಾಯಿತು. ಮುಂದಿನ ಕೋಣೆಯಲ್ಲಿ ಆಳೆತ್ತರದ ಕನ್ನಡಿ, ಹಿಂದಿನ ಕೋಣೆಯಲ್ಲಿ ಕತ್ತರಿಸುವ ಮೇಜು, ಎರಡು ಹೊಲಿಗೆ ಮೆಷಿನ್ನು. ಮದುವೆಯಾದ ಮೇಲೆ ಒಂದು ಮೆಷಿನ್ನು ಹೆಂಡತಿಯದು. ಗುಂಡಿಗೆ ಕಾಜಾ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ, ಅದನ್ನು ಅವಳೇ ದಿನಕ್ಕೆರಡು ಸಲ ಹೇಳುತ್ತಿದ್ದಳು.

ಆ ಊರಿಗೆ ಹಾಲು ಹಾಕುತ್ತಿದ್ದವಳನ್ನು ಎಲ್ಲರೂ ಹಾಲಿನಮ್ಮ ಅನ್ನುತ್ತಿದ್ದರು. ಗಂಡನಿಲ್ಲ, ಒಬ್ಬನೇ ಮಗ, ಬಸ್ಸು ಓಡಿಸುತ್ತಿದ್ದ. ಅವನೇ ದೊಡ್ಡಣ್ಣ. ಅವನ ಒಂದು ಭುಜ ಇನ್ನೊಂದಕ್ಕಿಂತ ಎರಡು ಬೆರಳು ಇಳಿದಿತ್ತು. ಅವನು ಮೊದಲ ಸಲ ಕೋಟು ಹೊಲಿಸಲು ಬಂದಾಗ ದರ್ಜಿ ವಾಡಿಕೆಯಂತೆ ಒಳಗೆ ಹತ್ತಿಯ ಪ್ಯಾಡು ಕೊಟ್ಟು ಸಮ ಮಾಡಲು ಹೋದ. ದೊಡ್ಡಣ್ಣ ತಡೆದ. "ಚಿಕ್ಕಂದಿನಲ್ಲಿ ಅಮ್ಮನ ಹಾಲಿನ ಕ್ಯಾನು ಹೊತ್ತು ಹೀಗಾಗಿರೋದು. ಮುಚ್ಚಿಟ್ರೆ ಅವಳಿಗೆ ಬೇಜಾರಾಗುತ್ತೆ. ಇರೋ ಹಾಗೇ ಹೊಲೀರಿ" ಅಂದ. ಮಾವನ ಪಾಠಕ್ಕೆ ವಿರುದ್ಧವಾಗಿ ದರ್ಜಿ ಹೊಲಿದ ಮೊದಲ ಕೋಟು ಅದು. ಬೂದು ಬಣ್ಣದ ಉದ್ದ ಕೋಟು. ಅರ್ಧ ಮೈಲಿ ದೂರದಿಂದ ನೋಡಿದರೂ ಆ ಓರೆ ಭುಜದಿಂದಲೇ ಜನ ಅವನ ಗುರುತು ಹಿಡಿಯುತ್ತಿದ್ದರು.

ಯಾವ ಭುಜ ಅಂತ ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ. ನಗಬೇಡಿ. ನಿಮ್ಮ ಪಕ್ಕದ ಮನೆಯವರು ಯಾವ ಕಡೆ ಬೈತಲೆ ತೆಗೆಯುತ್ತಾರೆ, ಹೇಳಿ ನೋಡೋಣ.

ಯುದ್ಧ ಬಂತು, ಹೊರಗಿನ ಸೈನ್ಯ ಊರೊಳಗೆ ಬಂದು ಕೂತಿತು. ಬಸ್ಸು ಓಡಿಸುವವನಿಗೆ ಸುತ್ತಲಿನ ಎಲ್ಲ ದಾರಿ, ಎಲ್ಲ ದಾರಿಯ ಜನ ಗೊತ್ತಲ್ಲ, ಮೂರೇ ತಿಂಗಳಲ್ಲಿ ದೊಡ್ಡಣ್ಣ ಗುಟ್ಟಾಗಿ ಇನ್ನೂರು ಜನರನ್ನು ಕಟ್ಟಿದ. ರೈಲು ಹಳಿ ತಪ್ಪುತ್ತಿತ್ತು, ಸೈನ್ಯದ ಉಗ್ರಾಣ ಸುಡುತ್ತಿತ್ತು. ಊರಿನ ಗೋಡೆಗಳ ಮೇಲೆಲ್ಲ ಅವನನ್ನು ಹಿಡಿದುಕೊಡಿ ಅನ್ನುವ ಪೋಸ್ಟರು ಬಂತು. ಎತ್ತರ ಇಷ್ಟು, ವಯಸ್ಸು ಇಷ್ಟು, ಎಡ ಭುಜ ಇಳಿದಿದೆ.

ಇಂಥವನು ಗುಂಡು ತಿಂದು ಸಾಯಲಿಲ್ಲ. ಮೊದಲ ಚಳಿಗಾಲದಲ್ಲೇ ಎರಡು ದಿನ ಚರಂಡಿಯ ಪೈಪಿನಲ್ಲಿ ಅಡಗಿ ಕೂತು ನ್ಯುಮೋನಿಯಾ ಹತ್ತಿಸಿಕೊಂಡ. ಅವನ ಬಲಗೈಯಂತಿದ್ದ ಗಾರೆ ಮೇಸ್ತ್ರಿ ಅವನನ್ನು ಕೈಗಾಡಿಯಲ್ಲಿ ಸುಣ್ಣದ ಚೀಲಗಳ ನಡುವೆ ಮಲಗಿಸಿ ದರ್ಜಿಯ ಹಿಂದಿನ ಕೋಣೆಗೆ ತಂದ. ಊರಿಗೊಬ್ಬರೇ ಡಾಕ್ಟರು, ಅವರ ಬಾಗಿಲಲ್ಲಿ ಹಗಲೂ ರಾತ್ರಿ ಪಹರೆ. ಕತ್ತರಿಸುವ ಮೇಜಿನ ಕೆಳಗೆ ಹಾಸಿಗೆ ಮಾಡಿದರು. ಅಂಗಡಿಯಲ್ಲಿ ಇದ್ದದ್ದರಲ್ಲೇ ಬೆಚ್ಚಗಿನ ಬಟ್ಟೆ ಅಂದರೆ ಸೈನ್ಯದ ಒಬ್ಬ ಅಧಿಕಾರಿ ಓವರ್‌ಕೋಟಿಗೆ ಕೊಟ್ಟಿದ್ದ ಉಣ್ಣೆ. ದರ್ಜಿಯ ಹೆಂಡತಿ ಅದನ್ನೇ ಎರಡು ಮಡಿಕೆ ಮಾಡಿ ಹೊದಿಸಿದಳು.

ಐದನೆಯ ದಿನ ಮಟಮಟ ಮಧ್ಯಾಹ್ನ ಅದೇ ಅಧಿಕಾರಿ ಅಳತೆ ಕೊಡಲು ಬಂದು ಕನ್ನಡಿಯ ಮುಂದೆ ನಿಂತ. ಒಳಗಿನಿಂದ ಕೆಮ್ಮು ಬಂತು. ದರ್ಜಿಯ ಬಾಯಲ್ಲಿ ಸೂಜಿ ಇದ್ದದ್ದು ಪುಣ್ಯ, ಇಲ್ಲದಿದ್ದರೆ ಹಲ್ಲು ಕಟಕಟ ಅನ್ನುವುದು ಕೇಳಿಬಿಡುತ್ತಿತ್ತು. ಅಷ್ಟರಲ್ಲಿ ಹೆಂಡತಿ ಮೆಷಿನ್ನು ತುಳಿಯತೊಡಗಿದಳು. ದಾರ ಪೋಣಿಸಿರಲಿಲ್ಲ, ಬಟ್ಟೆ ಇಟ್ಟಿರಲಿಲ್ಲ, ಬರೀ ಮೆಷಿನ್ನು ಗಡಗಡ ಓಡಿತು. ಅಧಿಕಾರಿ ತೋಳು ಎತ್ತಿದ, ಇಳಿಸಿದ, ಕಾಲರು ಅಗಲ ಇರಲಿ ಅಂದ, ಹೋದ. ದರ್ಜಿ ಓಡಿ ಬಂದು ನೋಡಿದರೆ ಹೆಂಡತಿ ಇನ್ನೂ ತುಳಿಯುತ್ತಲೇ ಇದ್ದಾಳೆ, ಕಣ್ಣಲ್ಲಿ ಧಾರಾಕಾರ ನೀರು. "ಕೆಮ್ಮು ನಿಂತು ಎಷ್ಟೋ ಹೊತ್ತಾಯ್ತು ರೀ. ನಿಲ್ಲಿಸೋಕೆ ಧೈರ್ಯ ಬರಲಿಲ್ಲ" ಅಂದಳು.

ಮೇಸ್ತ್ರಿ ಆಗ ಸ್ಮಶಾನದ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದ. ದೊಡ್ಡಣ್ಣನನ್ನು ಅವನ ಕೋಟಿನ ಸಮೇತ ಬಟ್ಟೆಯ ಥಾನಿನಲ್ಲಿ ಸುತ್ತಿ, ಅದೇ ಕೈಗಾಡಿಯಲ್ಲಿ, ಹಾಡು ಹಗಲಲ್ಲೇ ಒಯ್ದರು. ಗೇಟಿನಿಂದ ಮೂರನೆಯ ಕಂಬದ ಒಳಮಗ್ಗುಲಲ್ಲಿ ಮಣ್ಣು ಮಾಡಿದರು. ಕಂಬ ಕಟ್ಟುವಾಗ ಮೇಸ್ತ್ರಿ ರಸ್ತೆಯ ಕಡೆ, ಸೊಂಟದ ಎತ್ತರಕ್ಕೆ, ಒಂದು ಚಪ್ಪಡಿ ಕಲ್ಲನ್ನು ಮುಂದಕ್ಕೆ ಬಿಟ್ಟ. ಯಾಕೆ ಅಂತ ದರ್ಜಿ ಕೇಳಿದ್ದಕ್ಕೆ "ಗುರುತಿಗೆ" ಅಂದ.

ವಿಷಯ ಗೊತ್ತಿದ್ದದ್ದು ಈ ಮೂವರಿಗೆ ಮಾತ್ರ. ಆದರೆ ಹದಿನೈದು ದಿನ ದೊಡ್ಡಣ್ಣ ಎಲ್ಲೂ ಕಾಣಲಿಲ್ಲವಲ್ಲ, ಸೈನ್ಯದವರು ಊಹೆ ಮಾಡಿ, ಅವನು ಸತ್ತ ಅಂತ ಡಂಗುರ ಹೊಡೆಸಿಯೇಬಿಟ್ಟರು. ಇನ್ನೂರು ಜನರ ಕೈಕಾಲು ತಣ್ಣಗಾಯಿತು. ಶನಿವಾರ ಆಯುಧ ತಂದು ಒಪ್ಪಿಸಿದವರಿಗೆ ಮಾಫಿ ಅಂತ ಸಾರಿದ್ದರು. ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಅಂಗಡಿಗೆ ಬಂದ.

"ಮಾಸ್ಟ್ರೇ, ನನ್ನ ಎತ್ತರ ಅವನಷ್ಟೇ ಇದೆ. ಅಂಥದ್ದೇ ಒಂದು ಕೋಟು ಹೊಲಿದುಕೊಡಿ. ನಾಳೆ ಬೆಳಿಗ್ಗೆ ಬೇಕು."

"ನಿನಗೆ ತಲೆಗಿಲೆ ಕೆಟ್ಟಿದೆಯಾ?"

"ಕೆಟ್ಟಿದೆ. ಹೊಲೀರಿ."

ಅಳತೆ ಪುಸ್ತಕದ ಆ ಹಾಳೆಯನ್ನು ದರ್ಜಿ ಹಿಂದೆಯೇ ಹರಿದು ಒಲೆಗೆ ಹಾಕಿದ್ದ. ಕೈಯ ನೆನಪಿನ ಮೇಲೆ ಕತ್ತರಿಸಿದ. ಮೇಸ್ತ್ರಿಯದು ಹಲಗೆಯಂಥ ನೆಟ್ಟಗಿನ ಭುಜ. ಒಂದು ಕಡೆ ಪ್ಯಾಡು ಕೊಟ್ಟು ಎತ್ತಿ, ಇನ್ನೊಂದು ಕಡೆ ಇಳಿಸಿದ. ಹೆಂಡತಿ ಅಳುತ್ತಳುತ್ತಲೇ ಕಾಜಾ ಹಾಕಿದಳು. ಮಾವ ಬದುಕಿದ್ದು ಆ ಅವಸರ ನೋಡಿದ್ದರೆ ಸ್ಕೇಲು ಮುರಿಯುವವರೆಗೂ ಬಾರಿಸುತ್ತಿದ್ದ.

ಶನಿವಾರ ಮಾರುಕಟ್ಟೆ ಚೌಕದಲ್ಲಿ ಜನವೋ ಜನ. ಕೆಲವರ ಚೀಲದಲ್ಲಿ ಆಯುಧವೂ ಇತ್ತು. ಧಾನ್ಯದ ಗೋದಾಮಿನ ಮಾಳಿಗೆಯ ಮೇಲೆ ಬೂದು ಕೋಟು ಕಾಣಿಸಿತು. ಟೋಪಿ ಹಣೆಯವರೆಗೆ ಇಳಿದಿದೆ, ಗಾಳಿಗೆ ಕೋಟಿನ ಎದೆ ಬಿಚ್ಚಿಕೊಂಡಿದೆ, ಒಂದು ಭುಜ ಓರೆ. ಯಾರೋ ಪಿಸುಗುಟ್ಟಿದರು. ಆದರೆ ಎಲ್ಲರೂ ನೋಡಿದ್ದು ಮೇಲಕ್ಕಲ್ಲ, ಹಾಲಿನಮ್ಮನ ಮುಖವನ್ನು. ಅವಳು ಕ್ಯಾನು ಕೆಳಗಿಟ್ಟು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಎಷ್ಟು ಹೊತ್ತು ನೋಡಿದಳೋ, ಗುಂಪಿನಲ್ಲಿದ್ದ ದರ್ಜಿಗೆ ಒಂದು ಯುಗ ಕಳೆದಂತಾಯಿತು. ಆಮೇಲೆ ಅವಳು ಗಟ್ಟಿಯಾಗಿ ಗದರಿದಳು: "ಗುಂಡಿ ಹಾಕ್ಕೊಳೋ, ಗಾಳಿ ಇದೆ."

ಚೌಕಕ್ಕೆ ಚೌಕವೇ ನಕ್ಕಿತು. ಹೆತ್ತ ತಾಯಿ ಬೈದ ಮೇಲೆ ಇನ್ನೇನು ಅನುಮಾನ. ಸೈನ್ಯದವರು ಏಣಿ ಹುಡುಕುವಷ್ಟರಲ್ಲಿ ಮಾಳಿಗೆ ಖಾಲಿಯಾಗಿತ್ತು, ಆಯುಧವಿದ್ದ ಚೀಲಗಳು ಬಂದ ದಾರಿಯಲ್ಲೇ ಮನೆಗೆ ಹೋದವು.

ಹೀಗೆ ಮೂರು ವರ್ಷ. ತಿಂಗಳಿಗೊಮ್ಮೆಯೋ ಎರಡು ಸಲವೋ ಆ ಕೋಟು ಎಲ್ಲಾದರೂ ಕಾಣಿಸುತ್ತಿತ್ತು, ಇನ್ನೂರು ಜನ ಎರಡು ಸಾವಿರವಾದರು. ಒಂದು ಸಲ ಮೇಸ್ತ್ರಿ ಕೋಟಿನ ಸಮೇತ ಸೇತುವೆಯ ಪಹರೆಗೆ ಸಿಕ್ಕಿಬಿದ್ದ. "ಕೈಯಲ್ಲಿ ಪೋಸ್ಟರ್ ಹಿಡ್ಕೊಂಡು ನನ್ನ ಮೇಲಿಂದ ಕೆಳಗೆ ನೋಡಿದ, ಭುಜ ಒತ್ತಿ ನೋಡಿದ, ಹೋಗು ಅಂದ. ಯಾಕೆ ಬಿಟ್ಟ ಅಂತ ಇವತ್ತಿಗೂ ಗೊತ್ತಿಲ್ಲ ಮಾಸ್ಟ್ರೇ" ಅಂದ. ಅದೃಷ್ಟ ಅಂದುಕೊಂಡರು ಇಬ್ಬರೂ. ಕೊನೆಗೆ ಸೈನ್ಯ ಗಂಟುಮೂಟೆ ಕಟ್ಟಿ ಹೊರಟ ವಾರ ಮೇಸ್ತ್ರಿ ಆ ಕೋಟನ್ನು ಹೊಳೆಯ ದಡದಲ್ಲಿ ಬಿಟ್ಟು ಬಂದ. ದೊಡ್ಡಣ್ಣ ಸೇತುವೆಯ ಕೊನೆಯ ಹೋರಾಟದಲ್ಲಿ ನೀರುಪಾಲಾದ ಅಂತ ಊರು ನಂಬಿತು. ಕೋಟು ಪುರಸಭೆಯ ಗಾಜಿನ ಪೆಟ್ಟಿಗೆ ಸೇರಿತು, ಅದನ್ನು ನೋಡಿಕೊಂಡೇ ಶಿಲ್ಪಿಯೊಬ್ಬ ಪ್ರತಿಮೆ ಮಾಡಿದ. ಮೇಸ್ತ್ರಿ ತಾಪಿ ಹಿಡಿದು ಗೋಡೆ ಕಟ್ಟಲು ಹೋದ. ಅವನ ಹೆಸರು ಎಲ್ಲೂ ಬರಲಿಲ್ಲ, ಅವನು ಕೇಳಲೂ ಇಲ್ಲ.

ದರ್ಜಿಗೆ ಒಂದೇ ಒಂದು ಸಂಕಟ. ಊರಿಗೆ ಸುಳ್ಳು ಹೇಳಿದ್ದಕ್ಕೆ ಅವನಿಗೇನೂ ಅನಿಸಿರಲಿಲ್ಲ. ಆದರೆ ಆ ತಾಯಿ ಯಾರನ್ನೋ ಮಗ ಅಂದುಕೊಂಡು ಗದರಿದ್ದಳು, ಮಗ ಇದ್ದಾನೆ ಅಂತ ಮೂರು ವರ್ಷ ನೆಮ್ಮದಿಯಿಂದ ಹಾಲು ಹಾಕಿದ್ದಳು, ಈಗ ಹೊಳೆ ನೋಡಿಕೊಂಡು ಕಣ್ಣೀರು ಹಾಕುತ್ತಿದ್ದಳು. ಮಗ ಹೊಳೆಯಲ್ಲಿಲ್ಲ, ಅವಳು ದಿನಾ ಓಡಾಡುವ ರಸ್ತೆಯ ಪಕ್ಕದಲ್ಲೇ ಇದ್ದಾನೆ ಅಂತ ಅವಳಿಗೆ ಹೇಳಬೇಕು. ಹೇಗೆ ಹೇಳುವುದು? ಅವಳು ವರ್ಷಕ್ಕೊಂದು ಸಲ ಏನಾದರೂ ಹರಿದದ್ದು ಹಿಡಿದುಕೊಂಡು ಅಂಗಡಿಗೆ ಬರುತ್ತಿದ್ದಳು. ಕೆಲಸ ಮುಗಿದರೂ ಸ್ಟೂಲಿನ ಮೇಲೆ ಕೂತೇ ಇರುತ್ತಿದ್ದಳು. ಇವನು ಸೂಜಿ ಕಚ್ಚಿಕೊಂಡೇ ಇರುತ್ತಿದ್ದ. ಮುಂದಿನ ವರ್ಷ ಹೇಳೋಣ ಅಂತ ಮೂವತ್ತು ವರ್ಷ ಕಳೆದವು. ಮೇಸ್ತ್ರಿ ಹೋದ, ಹೆಂಡತಿಯೂ ಹೋದಳು. ಹೋಗುವ ಮೊದಲು ಅವಳು ಅಂದದ್ದು ಇಷ್ಟೇ: "ಹಾಲಿನಮ್ಮಂಗೆ ಹೇಳಿಬಿಡಿ ರೀ. ನೀವೊಬ್ಬರೇ ಉಳಿದಿದ್ದೀರಿ, ಅವಳಿಗೂ ವಯಸ್ಸಾಯ್ತು."

ಮೂವತ್ತನೆಯ ವರ್ಷ ಲೈಬ್ರರಿಯವರು ಒಂದು ಸಭೆ ಇಟ್ಟುಕೊಂಡರು. ಪುಸ್ತಕ ಓದಿ ಓದಿ ಅವರಿಗೆ ಒಂದು ಹುಚ್ಚು ಹಿಡಿದಿತ್ತು, ಹಾಗಾಗದೆ ಹೀಗಾಗಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕುವುದು. ಆ ಸಲದ ಪ್ರಬಂಧ, ದೊಡ್ಡಣ್ಣ ಮೊದಲ ಚಳಿಗಾಲದಲ್ಲೇ ಸತ್ತಿದ್ದರೆ. ಮುಂದಿನ ಸಾಲಿನಲ್ಲಿ ಎಂಬತ್ತು ದಾಟಿದ ಹಾಲಿನಮ್ಮ, ಹಿಂದಿನ ಸಾಲಿನಲ್ಲಿ ದರ್ಜಿ. ಲೈಬ್ರರಿಯವರು ಮುಕ್ಕಾಲು ಗಂಟೆ ಓದಿದರು. ಜನ ಎದೆಗುಂದುತ್ತಿದ್ದರಂತೆ, ಆ ಶನಿವಾರವೇ ಆಯುಧ ಒಪ್ಪಿಸುತ್ತಿದ್ದರಂತೆ, ಸೈನ್ಯ ಇನ್ನೂ ಹತ್ತು ವರ್ಷ ಕೂತಿರುತ್ತಿತ್ತಂತೆ, ಈ ಲೈಬ್ರರಿಯೂ ಇರುತ್ತಿರಲಿಲ್ಲವಂತೆ. "ಪುಣ್ಯಕ್ಕೆ ಹಾಗಾಗಲಿಲ್ಲ" ಅಂತ ಕನ್ನಡಕ ತೆಗೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಲಿನಮ್ಮ ಹಿಂದಕ್ಕೆ ತಿರುಗಿ ದರ್ಜಿಯನ್ನು ನೋಡಿದಳು. ಅವನು ಬೂಟಿನ ಲೇಸು ಕಟ್ಟುವವನ ಹಾಗೆ ಬಗ್ಗಿಬಿಟ್ಟ.

ಮಾರನೆಯ ಬೆಳಿಗ್ಗೆ ಅವಳು ಅಂಗಡಿಗೆ ಬಂದಳು. ಕೈಯಲ್ಲಿ ಹರಿದ ಬಟ್ಟೆ ಯಾವುದೂ ಇರಲಿಲ್ಲ.

"ಸೂಜಿ ತೆಗಿ ಬಾಯಿಂದ" ಅಂದಳು. ತೆಗೆದ.

"ನಿನ್ನೆ ಅವರು ಓದಿದ್ದು ಕೇಳಿದ್ಯಲ್ಲ?"

"ಕೇಳ್ದೆ ಅಮ್ಮ."

"ಆ ಚಳಿಗಾಲದಲ್ಲೇ ನನ್ನ ಮಗ ಹೋಗಿಬಿಟ್ಟಿದ್ರೆ ಈ ಊರು ಉಳೀತಿರಲಿಲ್ಲ ಅಂದ್ರು. ಹೌದಾ?"

ದರ್ಜಿ ಮೇಜಿನ ಅಂಚು ಹಿಡಿದುಕೊಂಡ. "ಉಳೀತು ಅಮ್ಮ" ಅಂದ.

ಅಷ್ಟು ಬಾಯಿಂದ ಬಿದ್ದಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಪೈಪು, ಜ್ವರ, ಅಧಿಕಾರಿ, ಮೆಷಿನ್ನು, ಕೈಗಾಡಿ, ಮೇಸ್ತ್ರಿ, ಕೋಟು. ಎಲ್ಲ ಹೇಳಿ ಮುಗಿಸಿ, ಬೈಯಲಿ, ಹೊಡೆಯಲಿ, ಊರಿಗೆಲ್ಲ ಸಾರಲಿ ಅಂತ ತಲೆ ತಗ್ಗಿಸಿ ನಿಂತ.

"ಗೊತ್ತು" ಅಂದಳು ಹಾಲಿನಮ್ಮ.

"ಯಾವಾಗಿಂದ?"

"ಗೋದಾಮಿನ ಮೇಲೆ ನಿಂತನಲ್ಲ, ಆವತ್ತಿಂದ. ಆ ಕೋಟು ಬಲಗಡೆ ಇಳಿದಿತ್ತು. ನನ್ನ ಮಗನದು ಎಡಗಡೆ. ಕ್ಯಾನು ಹೊರಿಸಿದವಳು ನಾನಲ್ವಾ?"

ದರ್ಜಿಗೆ ಬೆರಳಿನ ಗೆಣ್ಣು ಚುರ್ ಅಂದಂತಾಯಿತು. ಅಡ್ಡಗೀಟು. ಆ ಶುಕ್ರವಾರ ಅಡ್ಡಗೀಟು ಎಳೆದದ್ದು ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಎಳೆದೇ ಇರಲಿಲ್ಲ. ನಲವತ್ತು ವರ್ಷದ ಕಸುಬಿನಲ್ಲಿ ಒಂದೇ ಒಂದು ಸಲ ಬಟ್ಟೆ ಮಗುಚಿ ಎಡ ಬಲವಾಗಿತ್ತು. ಪ್ರತಿಮೆಯಲ್ಲಾದರೂ ಗೊತ್ತಾಗಬೇಡವೇ ಅನ್ನುತ್ತೀರಿ. ನಾಚಿಕೆಗೆ ಅದರ ಕಡೆ ತಲೆ ಎತ್ತಿ ನೋಡಿದ್ದರೆ ತಾನೆ. ಕದ್ದು ನೋಡಿದ ಒಂದೆರಡು ಸಲವೂ ಎದುರಿನಿಂದ ನೋಡಿದ್ದ. ಎದುರು ನಿಂತವರಿಗೆ ಅದರ ಬಲಭುಜ ತಮ್ಮ ಎಡಗಡೆಗೇ ಕಾಣುತ್ತದಲ್ಲ. ಊರಿನವರ ಮೈಯೆಲ್ಲ ಅಳೆದವನು ಒಂದು ಸಲವೂ ಅದರ ಬೆನ್ನ ಹಿಂದೆ ಹೋಗಿ ನೋಡಿರಲಿಲ್ಲ.

ಮತ್ತೆ ಸೇತುವೆಯ ಪಹರೆ ನೆನಪಾಯಿತು. ಪೋಸ್ಟರಿನಲ್ಲಿ ಇದ್ದದ್ದು ಎಡ ಭುಜ. ಸಿಪಾಯಿ ಎಡ ಭುಜ ಒತ್ತಿ ನೋಡಿದ, ಅದು ಇಳಿದಿರಲಿಲ್ಲ, ಬಿಟ್ಟ. ಸರಿಯಾಗಿ ಹೊಲಿದಿದ್ದರೆ ಮೇಸ್ತ್ರಿ ಆವತ್ತೇ ಹೋಗುತ್ತಿದ್ದ. ದರ್ಜಿ ಸ್ಟೂಲಿನ ಮೇಲೆ ಕುಸಿದು ಕೂತು, ಜೀವಮಾನದಲ್ಲಿ ಮೊದಲ ಸಲ ತನ್ನ ತಪ್ಪಿಗೆ ಕೈ ಮುಗಿದ.

"ಗೊತ್ತಿದ್ದೂ ಆವತ್ತು ಹಾಗೆ ಗದರಿದ್ರಾ?"

"ಊರೆಲ್ಲ ನನ್ನ ಮುಖ ನೋಡ್ತಿತ್ತಪ್ಪ. ನಾನು ಅತ್ತಿದ್ರೆ ಅಲ್ಲಿಗೇ ಮುಗೀತಿತ್ತು. ಮೇಲೆ ನಿಂತವನೂ ಯಾರೋ ತಾಯಿಯ ಮಗನೇ. ಅವನಿಗೂ ಚಳಿ ಆಗ್ತಿತ್ತು."

"ಮತ್ತೆ ಇಷ್ಟು ವರ್ಷ ಒಂದು ಮಾತು ಕೇಳಬಾರದಿತ್ತಾ ಅಮ್ಮ?"

"ಅವನ ಕೋಟು ಹೊಲೀತಿದ್ದವನು ನೀನೊಬ್ಬನೇ. ನಿನಗೆ ಗೊತ್ತಿರುತ್ತೆ ಅಂತ ವರ್ಷಾ ವರ್ಷಾ ಬಟ್ಟೆ ಹರ್ಕೊಂಡು ಬರ್ತಿದ್ದೆ. ನೀನಾಗಿ ಹೇಳಲಿ ಅಂತ ಕಾದೆ. ನಿನ್ನ ಬಾಯ್ತುಂಬ ಸೂಜಿ." ಅವಳು ಮೇಜಿನ ಕೆಳಗೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಒಬ್ಬನೇ ಇದ್ನಾ?"

"ಇಲ್ಲಮ್ಮ. ನನ್ನ ಹೆಂಡ್ತಿ ಪಕ್ಕದಲ್ಲೇ ಇದ್ದಳು. ಬೆಚ್ಚಗಿದ್ದ, ಅಧಿಕಾರಿಯ ಉಣ್ಣೆ ಹೊದಿಸಿದ್ವಿ. ಮೆಷಿನ್ ಸದ್ದು ಕೇಳಿ ಬಸ್ಸು ಅಂದ್ಕೊಂಡನಂತೆ. 'ಇಳಿಜಾರು ಬಂತು, ಗೇರು ಬದಲಾಯಿಸ್ಬೇಕು' ಅಂದನಂತೆ. ಅದೇ ಕೊನೇ ಮಾತು."

ಹಾಲಿನಮ್ಮ ನಕ್ಕಳು, ನಗುತ್ತಲೇ ಅತ್ತಳು. "ಆ ಅಧಿಕಾರಿ ಉಣ್ಣೇಲಿ ಮಲಗಿದ್ನಾ ನನ್ನ ಮಗ" ಅಂದಳು. "ಹಾಲಿಗೆ ನೀರು ಬೆರೆಸ್ತೀಯ ಅಂತ ನಿನ್ನ ಹೆಂಡತಿ ದಿನಾ ಜಗಳ ಆಡ್ತಿದ್ದಳು. ಬೆರೆಸ್ತಿದ್ದೆ, ಸುಳ್ಳಲ್ಲ. ಒಂದು ದಿನವಾದ್ರೂ ಅವಳಿಗೆ ಕೈ ಮುಗೀಲಿಲ್ಲವಲ್ಲಪ್ಪ ನಾನು."

ಪುರಸಭೆಗೆ ಹೇಳಿ ಪ್ರತಿಮೆಯ ಭುಜ ಸರಿಮಾಡಿಸುತ್ತೇನೆ ಅಂದ ದರ್ಜಿ. ಅವಳು ಬೇಡ ಅಂದಳು. "ಅದು ಮೇಸ್ತ್ರಿದು. ಮೂರು ವರ್ಷ ಪ್ರಾಣ ಅಂಗೈಲಿ ಇಟ್ಕೊಂಡು ನನ್ನ ಮಗನ ಜಾಗದಲ್ಲಿ ನಿಂತವನು. ನಿಂತಿರಲಿ ಬಿಡು, ಅವನ ಋಣ ಹಾಗಾದ್ರೂ ಸ್ವಲ್ಪ ತೀರಲಿ. ಈಗ ನನ್ನ ಮಗನ ಹತ್ರ ಕರ್ಕೊಂಡು ಹೋಗು."

ಅವಳ ಕೈ ಹಿಡಿದುಕೊಂಡು ನಿಧಾನವಾಗಿ ನಡೆದ. ಸ್ಮಶಾನದ ಗೋಡೆಯ ಪಕ್ಕ ರಸ್ತೆಯಲ್ಲಿ ಹೋಗುತ್ತ ಗೇಟಿನಿಂದ ಮೂರನೆಯ ಕಂಬದ ಮುಂದೆ ನಿಂತ. ಮುಂದಕ್ಕೆ ಚಾಚಿದ ಚಪ್ಪಡಿಯ ನಡುಭಾಗ ತಟ್ಟೆಯಷ್ಟು ಅಗಲಕ್ಕೆ ಸವೆದು ನುಣ್ಣಗಾಗಿತ್ತು.

"ಈ ಕಲ್ಲಾ?" ಅಂದಳು ಹಾಲಿನಮ್ಮ. "ಇಪ್ಪತ್ತೈದು ವರ್ಷ ದಿನಾ ಇದರ ಮೇಲೇ ಕ್ಯಾನು ಇಟ್ಟು ಉಸಿರು ಬಿಟ್ಟಿದ್ದೀನಿ. ಸರಿಯಾಗಿ ನನ್ನ ಸೊಂಟದ ಎತ್ತರಕ್ಕೆ ಯಾವ ಪುಣ್ಯಾತ್ಮ ಇಟ್ಟನೋ, ಅವನ ಹೊಟ್ಟೆ ತಣ್ಣಗಿರಲಿ ಅಂತಿದ್ದೆ."

ಗುರುತಿಗೆ ಅಂದಿದ್ದ ಮೇಸ್ತ್ರಿ. ಯಾರ ಗುರುತಿಗೆ ಅನ್ನುವುದು ದರ್ಜಿಗೆ ಈಗ ತಿಳಿಯಿತು. ತಾನು ಮೂವತ್ತು ವರ್ಷದಲ್ಲಿ ಮಾಡಲಾಗದ್ದನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಕಲ್ಲಿಟ್ಟು ಮಾಡಿದ್ದ. ದಿನಾ ಬೆಳಿಗ್ಗೆ ತಾಯಿಯನ್ನು ಮಗನ ಹತ್ತಿರ ಎರಡು ನಿಮಿಷ ನಿಲ್ಲಿಸಿದ್ದ.  ಮಾವನಿಗೆ, ಹೆಂಡತಿಗೆ, ಮೇಸ್ತ್ರಿಗೆ, ಈ ಮುದುಕಿಗೆ, ಎಲ್ಲರಿಗೂ ಋಣಿಯಾಗಿದ್ದೇನೆ ಅನ್ನಿಸಿ ದರ್ಜಿ ರಸ್ತೆಯಲ್ಲೇ ನಿಂತು ಬಿಕ್ಕಿದ.

ಗೇಟಿನಿಂದ ಒಳಗೆ ಹೋಗಿ ಕಂಬದ ಇನ್ನೊಂದು ಮಗ್ಗುಲಿಗೆ ಬಂದರು. ಬರೀ ಹುಲ್ಲು, ಬೇರೇನೂ ಇಲ್ಲ. ಹಾಲಿನಮ್ಮ ಮಂಡಿ ಹಿಡಿದುಕೊಂಡು ಕೂತಳು, ಹುಲ್ಲಿನ ಮೇಲೆ ಅಂಗೈ ಇಟ್ಟಳು. 

"ಗುಂಡಿ ಹಾಕ್ಕೊಳೋ ಮಗನೇ" ಅಂದಳು ಆಮೇಲೆ. "ಗಾಳಿ ಇದೆ."

ಗಾಳಿ ನಿಜಕ್ಕೂ ಇತ್ತು. ದರ್ಜಿ ತನ್ನ ಕೋಟಿನ ಗುಂಡಿಯನ್ನೂ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತ.